ಪ್ರಾಜೆಕ್ಟ್ ಚೀಟಿಯೂ ಮಣ್ಣೆತ್ತೂ

ಮಾನ್ಯ ಸಂಪಾದಕರೇ,

ಧಾರವಾಡದ ಒಂದು ಶಾಲೆಯ ಎದುರು 19 ವರ್ಷಗಳಿಂದ ಸ್ಟೇಷನರಿ ಅಂಗಡಿ ನಡೆಸುತ್ತಿದ್ದೇನೆ. ಪಾಟಿ, ಪೆನ್ಸಿಲ್, ನೋಟ್‌ಬುಕ್ಕುಗಳ ಜೊತೆಗೆ ಈಗ ‘ಪ್ರಾಜೆಕ್ಟ್ ಸಾಮಾನು’ ಎಂಬುದೂ ನನ್ನ ವ್ಯಾಪಾರದ ದೊಡ್ಡ ಭಾಗ. ಶಾಲೆ ತೆರೆದು ಎರಡು ವಾರ ಆಗುವುದರೊಳಗೆ ಮಕ್ಕಳ ಕೈಯಲ್ಲಿ ಚೀಟಿಗಳು ಬರತೊಡಗುತ್ತವೆ. ಈ ವರ್ಷವೂ ಬಂದಿವೆ. ಆ ಚೀಟಿಗಳ ಬಗ್ಗೆಯೇ ಈ ಪತ್ರ.

ಹೋದ ವರ್ಷ ಒಂದು ರಾತ್ರಿ ಒಂಬತ್ತರ ಸುಮಾರಿಗೆ ಅಂಗಡಿಯ ಬಾಗಿಲು ಎಳೆಯುತ್ತಿದ್ದೆ. ಮೂರನೆಯ ತರಗತಿಯ ಹುಡುಗಿಯೊಬ್ಬಳ ಕೈ ಹಿಡಿದುಕೊಂಡು ಅವಳ ತಾಯಿ ಓಡುತ್ತ ಬಂದರು. ನಾಲ್ಕು ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಣ್ಣುಮಗಳು. ಚೀಟಿಯಲ್ಲಿ ‘ನಮ್ಮ ಸುತ್ತಲಿನ ನಿಸರ್ಗ: ಮಾದರಿ ತಯಾರಿಕೆ’ ಎಂದಿತ್ತು. ಅದರ ಕೆಳಗೆ ಥರ್ಮಾಕೋಲ್ ಹಾಳೆ ಎರಡು, ಪ್ಲಾಸ್ಟಿಕ್ ಹುಲ್ಲಿನ ಚಾಪೆ, ಪ್ಲಾಸ್ಟಿಕ್ ಎಲೆಗಳ ಗೊಂಚಲು, ಸಣ್ಣ ಪ್ರಾಣಿಗಳ ಪ್ಯಾಕೆಟ್, ಫೋಮ್ ಶೀಟ್, ಗ್ಲಿಟರ್. ಥರ್ಮಾಕೋಲ್ ನನ್ನಲ್ಲಿ ಇರಲಿಲ್ಲ. ಉಳಿದದ್ದರ ಲೆಕ್ಕವೇ 380 ರೂಪಾಯಿ ಆಯಿತು. ‘ಅಕ್ಕಾ, ಉದ್ರಿ ಬರೆದುಕೊಳ್ಳಿ, ಒಂದನೆಯ ತಾರೀಕಿಗೆ ಪಗಾರ ಆದ ಕೂಡಲೇ ಕೊಡುತ್ತೇನೆ’ ಎಂದರು. ಅವರು ನಿಂತಿದ್ದ ಜಾಗದಲ್ಲಿ, ಅವರ ಕಾಲ ಬುಡದಲ್ಲೇ, ನಮ್ಮ ಅಂಗಡಿಯ ಮುಂದಿನ ಹೊಂಗೆ ಮರದ ಎಲೆ, ಕಾಯಿ ಬಿದ್ದುಕೊಂಡಿದ್ದವು.

ನನಗೆ ಉದ್ರಿ ಬರೆಯಲು ಮನಸ್ಸಾಗಲಿಲ್ಲ. ಮಾತಿಗೆ ಕೂಡಿಸಿಕೊಂಡೆ. ತವರು ಕಲಘಟಗಿ ಕಡೆಯ ಹಳ್ಳಿಯಂತೆ. ಸಣ್ಣವರಿದ್ದಾಗ ಮುತ್ತುಗದ ಎಲೆ ತಂದು, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚುತ್ತಿದ್ದರಂತೆ. ಮದುವೆಗಳಿಗೆ ನೂರರ ಕಟ್ಟು ಕಟ್ಟಿ ಮಾರುತ್ತಿದ್ದರಂತೆ. ಹೇಳುತ್ತ ಹೇಳುತ್ತ ಅವರ ಬೆರಳು ಗಾಳಿಯಲ್ಲೇ ಎಲೆ ಮಡಚುತ್ತಿತ್ತು. ಇಷ್ಟು ಕಸುಬು ಬಲ್ಲ ಕೈ ಪ್ಲಾಸ್ಟಿಕ್ ಎಲೆ ಕೊಳ್ಳಲು ಸಾಲ ಮಾಡಬೇಕೇ ಎಂದು ನನಗೆ ಸಂಕಟವಾಯಿತು. ‘ಮಗಳಿಗೆ ಅದನ್ನೇ ಕಲಿಸಿ, ಅದನ್ನೇ ಮಾಡಿಸಿ ಕಳಿಸಿ’ ಎಂದೆ. ಒಂದು ರಟ್ಟು ಮಾತ್ರ ಒಯ್ದರು.

ಎರಡು ದಿನದ ಮೇಲೆ ಹುಡುಗಿ ಶಾಲೆಗೆ ಹೋಗುವಾಗ ತೋರಿಸಲು ಬಂದಳು. ಬೇವಿನ ಕಡ್ಡಿಯ ಗೋಡೆ, ಎಲೆಗಳನ್ನು ಪತ್ರಾವಳಿಯಂತೆ ಹಚ್ಚಿ ಮಾಡಿದ ಸೂರು, ಅಂಗಳಕ್ಕೆ ಕೆಮ್ಮಣ್ಣು, ಹೊಂಗೆಯ ಕಾಯಿ ಸೀಳಿ ಮಾಡಿದ ಎರಡು ದೋಣಿ. ಮನೆ ಸ್ವಲ್ಪ ಎಡಕ್ಕೆ ವಾಲಿತ್ತು. ಪ್ರತಿಯೊಂದು ಎಲೆಯನ್ನೂ ತಾನೇ ಹಚ್ಚಿದ್ದಾಗಿ ಹೇಳಿದಳು. ಸಂಜೆ ಬಂದಾಗ ಮುಖ ಬಾಡಿತ್ತು. ಹತ್ತಕ್ಕೆ ನಾಲ್ಕು ಅಂಕ, ಪಕ್ಕದಲ್ಲಿ ಕೆಂಪು ಪೆನ್ನಿನಲ್ಲಿ ‘ಫಿನಿಶಿಂಗ್ ಇಲ್ಲ’. ಕೊಂಡು ತಂದ ಸಾಮಾನು ಅಂಟಿಸಿಕೊಂಡು ಬಂದವರಿಗೆ ಎಂಟು, ಒಂಬತ್ತು. ನನ್ನ ಮಾತು ಕೇಳಿ ಆ ಮಗು ಅಂಕ ಕಳೆದುಕೊಂಡಿತು. ಒಂದು ವರ್ಷ ಕಳೆದರೂ ಆ ಕೆಂಪು ಅಕ್ಷರ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

ಶಿಕ್ಷಕರನ್ನು ದೂರಲು ಬರೆಯುತ್ತಿಲ್ಲ. ಒಂದು ಕೋಣೆಯಲ್ಲಿ ನಲವತ್ತೈದು ಮಕ್ಕಳು, ಮೇಲೆ ಪ್ರದರ್ಶನದ ದಿನ ಪಾಲಕರ ಮುಂದೆ ಚೆಂದ ಕಾಣಬೇಕೆಂಬ ಒತ್ತಡ. ಅವರ ಕಷ್ಟ ನನಗೆ ಗೊತ್ತು. ಆದರೆ ನಿಸರ್ಗದ ಹೆಸರಿನಲ್ಲಿ ಏನನ್ನು ಕೊಳ್ಳಲು ಹೇಳುತ್ತಿದ್ದೇವೆ ಎಂಬುದನ್ನಾದರೂ ನೋಡಬೇಕಲ್ಲವೇ? 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಿದ ಏಕಬಳಕೆಯ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಅಲಂಕಾರದ ಥರ್ಮಾಕೋಲ್ ಕೂಡ ಇದೆ. ಆ ಪಟ್ಟಿ ಓದಿದ ಮೇಲೆ ನಾನು ಹಾಳೆ ತರಿಸುವುದನ್ನು ನಿಲ್ಲಿಸಿದೆ. ಚೀಟಿಗಳು ಮಾತ್ರ ನಿಲ್ಲಲಿಲ್ಲ. ಗ್ಲಿಟರ್ ಎಂಬ ಆ ಮಿನುಗುವ ಪುಡಿಯಲ್ಲಿ ಹೆಚ್ಚಿನದು ಪ್ಲಾಸ್ಟಿಕ್ಕಿನ ಚೂರೇ. ಮಕ್ಕಳು ಕೈ ತೊಳೆದರೆ ಅದು ನೇರ ಚರಂಡಿಗೆ ಹೋಗುತ್ತದೆ. ಪ್ರದರ್ಶನ ಮುಗಿದ ಮರುದಿನ ಈ ಮಾದರಿಗಳೆಲ್ಲ ಶಾಲೆಯ ಹಿಂದೆ ಕಸದ ರಾಶಿಯಲ್ಲಿ ಬೀಳುತ್ತವೆ. ನಾನು ಮಾರಿದ ವಸ್ತುಗಳೇ ಆದ್ದರಿಂದ ನನಗೆ ಗುರುತು ಸಿಗುತ್ತದೆ.

ಆ ಘಟನೆಯ ನಂತರ ಅಂಗಡಿಯ ಕಟ್ಟೆಯ ಮೇಲೆ ಒಂದು ಬಿದಿರಿನ ಬುಟ್ಟಿ ಇಟ್ಟೆ. ಮುಂಜಾನೆ ನಡೆದಾಡಲು ಹೋದಾಗ ಉದುರಿ ಬಿದ್ದದ್ದನ್ನು ಆರಿಸಿ ತಂದು ಅದರಲ್ಲಿ ಹಾಕುತ್ತೇನೆ: ನೀಲಗಿರಿಯ ಕಾಯಿ, ಗುಲ್‌ಮೊಹರಿನ ಉದ್ದನೆಯ ಒಣಕಾಯಿ, ಸಾಗವಾನಿಯ ಎಲೆ, ಹುಣಸೆ ಬೀಜ, ಕೋಳಿಯ ಪುಕ್ಕ. ಬೆಲೆ ಇಲ್ಲ, ಬೇಕಾದವರು ಒಯ್ಯಬಹುದು. ಮೊದಲ ವಾರ ಯಾರೂ ಮುಟ್ಟಲಿಲ್ಲ. ಆಮೇಲೆ ಒಬ್ಬ ಹುಡುಗ ಗುಲ್‌ಮೊಹರಿನ ಕಾಯಿ ಅಲುಗಿಸಿ ಅದು ಗಿಲಕಿಯಂತೆ ಸದ್ದು ಮಾಡುವುದನ್ನು ಕಂಡುಕೊಂಡ. ಸಂಜೆಯೊಳಗೆ ಬುಟ್ಟಿಯಲ್ಲಿ ಒಂದು ಕಾಯಿಯೂ ಉಳಿಯಲಿಲ್ಲ. ನೀಲಗಿರಿಯ ಕಾಯಿಯನ್ನು ತೊಟ್ಟು ಹಿಡಿದು ತಿರುಗಿಸಿದರೆ ಪುಟ್ಟ ಬುಗುರಿಯಾಗುತ್ತದೆ ಎಂಬುದನ್ನು ಯಾರು ಮೊದಲು ಕಂಡರೋ ನಾನು ನೋಡಲಿಲ್ಲ, ಈಗ ಎಲ್ಲರಿಗೂ ಗೊತ್ತು.

ಮಣ್ಣಿನ ಮಾತು ಬಂದದ್ದು ಅದೇ ಸುಮಾರಿಗೆ. ನಮ್ಮ ಊರು ನವಲಗುಂದ ತಾಲ್ಲೂಕಿನ ಎರೆ ಭೂಮಿ. ಜ್ಯೇಷ್ಠದ ಕೊನೆಗೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಅಪ್ಪ ಒಂದು ದಿನದ ಕೆಲಸ ಬಿಟ್ಟು ನಮ್ಮೊಂದಿಗೆ ಕೂಡುತ್ತಿದ್ದ. ಕುಂಬಾರ ಓಣಿಯವರು ಎತ್ತು ತಂದುಕೊಟ್ಟು ಜೋಳ ಒಯ್ಯುವ ಪದ್ಧತಿ ಇತ್ತು. ಆ ಜೋಡಿ ದೇವರ ಜಗುಲಿಯ ಪೂಜೆಗೆ. ನಮ್ಮ ಆಟದ ಎತ್ತು ನಾವೇ ಮಾಡಬೇಕು. ಹೊಲದ ಎರೆಮಣ್ಣಿನಲ್ಲಿ ಮಾಡಿದರೆ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ ಎಂದು ಅಪ್ಪ ಹುತ್ತದ ಮಣ್ಣನ್ನೂ ಹಳ್ಳದ ಮಣ್ಣನ್ನೂ ತರುತ್ತಿದ್ದ. ಎತ್ತು, ಅದರ ಮುಂದೆ ಮೇವಿನ ಗ್ವಾದಲಿ, ಕಣ್ಣಿಗೆ ಜೋಳದ ಕಾಳು. ಅಮಾವಾಸ್ಯೆ ದಾಟಿದರೆ ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ದೇವತೆ ಗುಳ್ಳವ್ವ, ಶ್ರಾವಣದ ಪಂಚಮಿಗೆ ಮಣ್ಣಿನ ನಾಗಪ್ಪ, ಭಾದ್ರಪದಕ್ಕೆ ಗಣಪ, ಅವನ ಬೆನ್ನಿಗೇ ಬುಟ್ಟಿಯಲ್ಲಿ ಕುಳಿತು ಬರುವ ಮಣ್ಣಿನ ದೇವರು ಜೋಕುಮಾರ. ಮಳೆಗಾಲವಿಡೀ ನಮ್ಮ ಉಗುರಿನ ಸಂದಿಯಿಂದ ಮಣ್ಣು ಹೋಗುತ್ತಲೇ ಇರಲಿಲ್ಲ. ಮಕ್ಕಳಿಗೆ ಕೈಕೆಲಸ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಪಟ್ಟಿಯನ್ನು ನಾನು ಎಲ್ಲಿಯೂ ಕಂಡಿಲ್ಲ. ಮಳೆ ಬಿದ್ದು ಮಣ್ಣು ಮೆದುವಾದ ಕಾಲಕ್ಕೆ ಸರಿಯಾಗಿ ಬರುತ್ತದೆ. ಮನೆಯವರೆಲ್ಲ ಒಟ್ಟಿಗೆ ಕೂಡಬೇಕಾಗುತ್ತದೆ. ಮುಗಿದ ಮೇಲೆ ನೀರಿಗೆ ಬಿಟ್ಟರೆ ಮಣ್ಣು ಮಣ್ಣಾಗುತ್ತದೆ.

ಹೋದ ವರ್ಷ ಅಮಾವಾಸ್ಯೆಯ ಹಿಂದಿನ ಭಾನುವಾರ ಅಂಗಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂಡಿಸಿದೆ. ಹನ್ನೊಂದು ಜನ ಬಂದರು, ಏಳು ಮಂದಿ ತಾಯಂದಿರು, ಒಬ್ಬರೇ ಒಬ್ಬರು ತಂದೆ. ಮನೆಯಲ್ಲಿ ಮಾಡಿಸಬಯಸುವವರಿಗೆ ಉಪಯೋಗವಾದೀತೆಂದು ರೀತಿಯನ್ನು ಬರೆಯುತ್ತೇನೆ. ಮಣ್ಣನ್ನು ಒಣಗಿಸಿ, ಕುಟ್ಟಿ, ಜರಡಿ ಹಿಡಿದು, ಹಿಂದಿನ ರಾತ್ರಿ ನೆನೆಹಾಕಬೇಕು. ಮರುದಿನ ಬಿಡಿಸಿದ ಹತ್ತಿಯ ಎಳೆಗಳನ್ನು ಸೇರಿಸಿ ರೊಟ್ಟಿಯ ಹಿಟ್ಟಿನಂತೆ ನಾದಬೇಕು. ಹತ್ತಿ ಸೇರಿದರೆ ಬಿರುಕು ಕಡಿಮೆ. ಮಕ್ಕಳು ಎತ್ತಿನ ಕಾಲನ್ನು ಕಡ್ಡಿಯಂತೆ ತೆಳ್ಳಗೆ ಮಾಡುತ್ತಾರೆ, ಮೈ ಭಾರಕ್ಕೆ ಅದು ಕುಸಿಯುತ್ತದೆ. ಕಾಲು ಗಿಡ್ಡಕ್ಕೆ, ದಪ್ಪಕ್ಕೆ ಇರಬೇಕು. ಕೋಡು, ಹಿಣಿಲು, ಬಾಲ ಹಚ್ಚುವ ಜಾಗದಲ್ಲಿ ಕಡ್ಡಿಯಿಂದ ಗೀರಿ, ತೆಳುವಾಗಿ ಕಲಸಿದ ಮಣ್ಣಿನ ರಾಡಿ ಸವರಿ ಒತ್ತಬೇಕು, ಇಲ್ಲವಾದರೆ ಒಣಗಿದ ಮೇಲೆ ಕಳಚಿ ಬೀಳುತ್ತದೆ. ಬಿಸಿಲಿಗೆ ಇಡಲೇಬಾರದು. ನೆರಳಿನಲ್ಲಿ ಮೂರು ದಿನ ಬೇಕು.

ಒಬ್ಬ ಹುಡುಗ ಅರ್ಧ ಗಂಟೆ ಕೈ ಮುಂದೆ ಮಾಡಲಿಲ್ಲ. ‘ಕೈ ಹೊಲಸಾಗುತ್ತದೆ, ಮಮ್ಮಿ ಬೈಯುತ್ತಾರೆ’ ಎಂದ. ಅವನ ತಾಯಿ ಅಲ್ಲಿಯೇ ಇದ್ದರು. ಏನೂ ಹೇಳದೆ ತಮ್ಮ ಬಳೆ ಮೇಲೆ ಸರಿಸಿ ಅವನ ಎದುರಿಗೆ ಕುಳಿತು ಮಣ್ಣು ನಾದತೊಡಗಿದರು. ಆಮೇಲೆ ಆ ತಾಯಿ ಮಗನನ್ನು ಏಳಿಸಲು ಮಧ್ಯಾಹ್ನ ಎರಡು ಗಂಟೆಯಾಯಿತು.

ಬಣ್ಣ ಕೊಳ್ಳಲಿಲ್ಲ. ಸುಣ್ಣ, ಕೆಮ್ಮಣ್ಣು, ಅರಿಶಿನ ಸಾಕಾದವು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದು ಅದು ಕೆಂಪಾದಾಗ ಮಕ್ಕಳು ಕೂಗಿದ ಕೂಗು ಎದುರಿನ ಶಾಲೆಯ ಕಾವಲುಗಾರನನ್ನೂ ಕರೆತಂದಿತು. ಅಂಟಿಗೆ ಹುಣಸೆ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ರಾತ್ರಿ ನೆನೆಸಿ ಅರೆದು, ನೀರು ಹಾಕಿ ಕುದಿಸಿದ ಗಂಜಿಯಂಥ ಸರಿ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಕಟ್ಟಿಗೆಯ ಗೊಂಬೆಗಳ ಕೆಲಸದಲ್ಲಿ ಬಳಸುವುದು ಈ ಹುಣಸೆ ಬೀಜದ ಅಂಟನ್ನೇ. ಎರಡು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಬೇಕಾದಷ್ಟೇ ಮಾಡಿಕೊಳ್ಳಬೇಕು.

ಆ ದಿನ ಒಬ್ಬ ಪುಟ್ಟ ಹುಡುಗಿಯ ಎತ್ತಿನ ಮುಂಗಾಲು ಮುರಿದು ಅವಳು ಅಳತೊಡಗಿದಳು. ಪತ್ರಿಕೆ ಕೊಳ್ಳಲು ಬಂದಿದ್ದ ಒಬ್ಬ ಅಜ್ಜ ನಿಂತು ನೋಡಿ, ‘ಅಳಬೇಡ ತಂಗಿ, ಇದು ಕುಂಟೆತ್ತು. ಅಮಾವಾಸ್ಯೆಯ ಮರುದಿನ ಮನೆಮನೆಗೆ ಹೋಗಿ ಜೋಳ ಬೇಡುವ ಮಾನ ಇದಕ್ಕೇ ಇರುವುದು, ನೆಟ್ಟಗಿರುವ ಎತ್ತುಗಳಿಗಿಲ್ಲ’ ಎಂದರು. ಅದು ನಮ್ಮ ಕಡೆಯ ಹಳ್ಳಿಗಳ ಪದ್ಧತಿ. ಕಾಲು ಮುರಿದ ಎತ್ತನ್ನು ಹಿಡಿದುಕೊಂಡು ಮಕ್ಕಳು ಓಣಿ ಸುತ್ತುತ್ತಾರೆ. ಆಗಲೇ ಇನ್ನಿಬ್ಬರು ತಮ್ಮ ಎತ್ತಿನ ಕಾಲು ಮುರಿಯಲು ಹೊರಟಿದ್ದರು, ತಡೆಯಬೇಕಾಯಿತು. ನೂರಾರು ವರ್ಷ ಒಕ್ಕಲುತನ ಮಾಡಿದ ಜನ ಮುರಿದುಹೋದ ಮಣ್ಣಿನ ಎತ್ತಿಗೂ ಒಂದು ಗೌರವದ ದಿನ ಇಟ್ಟಿದ್ದಾರೆ. ನಾವು ವಾಲಿದ ಎಲೆಮನೆಗೆ ನಾಲ್ಕು ಅಂಕ ಕೊಡುತ್ತೇವೆ.

ಒಂದು ಎಚ್ಚರಿಕೆಯ ಮಾತು. ಗಿಡದಿಂದ ಬಂದದ್ದೆಲ್ಲ ಮಕ್ಕಳ ಕೈಗೆ ಕೊಡುವಂಥದ್ದಲ್ಲ. ಗುಲಗಂಜಿ ನೋಡಲು ಎಷ್ಟು ಚೆಂದವೋ ಅಷ್ಟೇ ವಿಷ. ಅದನ್ನು ಸೂಜಿಯಿಂದ ಚುಚ್ಚಿ ಮಾಲೆ ಮಾಡಿಸಬಾರದು, ಅಗಿದರೆ ಜೀವಕ್ಕೇ ಅಪಾಯ. ಔಡಲ ಬೀಜವೂ ಹಾಗೆಯೇ, ಕಣಗಿಲೆಯ ಎಲೆ ಹೂವೂ ಹಾಗೆಯೇ. ಎಕ್ಕೆಯ ಹಾಲು ಕಣ್ಣಿಗೆ ಬೀಳಬಾರದು. ಸುಣ್ಣವನ್ನು ದೊಡ್ಡವರೇ ಕಲಸಿ ಕೊಡಬೇಕು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಸಣ್ಣ ಬೀಜಗಳನ್ನು ಹರಡಿ ಇಡಬಾರದು. ನನ್ನ ಬುಟ್ಟಿಗೆ ಇವು ಯಾವುವೂ ಬರುವುದಿಲ್ಲ.

ಶಾಲೆಗಳನ್ನು ಕೇಳಿಕೊಳ್ಳುವುದು ಇಷ್ಟು. ಚೀಟಿಯಲ್ಲಿ ಕೊಳ್ಳುವ ಸಾಮಾನಿನ ಪಟ್ಟಿ ಬರೆಯಬೇಡಿ. ‘ಬಿದ್ದದ್ದನ್ನು ಆರಿಸಿಕೊಂಡು ಬನ್ನಿ’ ಎಂದು ಬರೆಯಿರಿ. ಕೆಲಸವನ್ನು ಮನೆಗೆ ಕಳಿಸದೆ ಶಾಲೆಯಲ್ಲೇ, ನಿಮ್ಮ ಕಣ್ಣೆದುರಿಗೆ ಮಾಡಿಸಿ. ಆಗ ಯಾವ ಮಗುವಿನ ಮಾದರಿಯನ್ನು ಯಾರ ತಂದೆ ರಾತ್ರಿ ಹನ್ನೆರಡಕ್ಕೆ ಅಂಟಿಸಿದರು ಎಂಬ ಪ್ರಶ್ನೆಯೇ ಬರುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೆಯ ತರಗತಿಯ ಮಕ್ಕಳು 10 ದಿನ ಪುಸ್ತಕದ ಚೀಲವಿಲ್ಲದೆ ಊರಿನ ಬಡಗಿ, ತೋಟಗಾರ, ಕುಂಬಾರರಂಥವರ ಬಳಿ ಕಲಿಯಬೇಕೆಂದು ಹೇಳಿದೆ. ಆ ನೀತಿಯನ್ನು ನಮ್ಮ ರಾಜ್ಯ ಒಪ್ಪುವುದು ಬಿಡುವುದು ದೊಡ್ಡವರ ಚರ್ಚೆ. ಈ ಒಂದು ಮಾತನ್ನು ಪಾಲಿಸಲು ಯಾರ ಅಡ್ಡಿಯೂ ಇಲ್ಲ. ಕುಂಬಾರರನ್ನು ಕರೆಸಿದರೆ ಅವರಿಗೆ ಆ ದಿನದ ಕೂಲಿಯನ್ನು ಮಾತ್ರ ತಪ್ಪದೆ ಕೊಡಿ, ಬರೀ ಶಾಲು ಹೊದಿಸಿ ಕಳಿಸಬೇಡಿ. ಪಾತ್ರೆ ತಿಕ್ಕುವ ಆ ತಾಯಿಯನ್ನೂ ಒಮ್ಮೆ ತರಗತಿಗೆ ಕರೆಯಿರಿ. ಪತ್ರಾವಳಿ ಹಚ್ಚುವುದನ್ನು ಅವರಷ್ಟು ಚೆನ್ನಾಗಿ ಕಲಿಸುವವರು ನಿಮ್ಮ ಶಾಲೆಯಲ್ಲಿ ಇರಲಾರರು. ಆ ಹುಡುಗಿ ತನ್ನ ಅವ್ವ ಕರಿಹಲಗೆಯ ಮುಂದೆ ನಿಂತದ್ದನ್ನು ನೋಡಲಿ.

ಇದರಿಂದ ನನ್ನ ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂದು ಮಗ ಹೇಳುತ್ತಾನೆ. ಬೀಳುತ್ತದೆ, ನಿಜ. ಹಾಳೆ, ಬಣ್ಣದ ಪೆನ್ಸಿಲ್, ದಾರ, ಸೂಜಿ ಮಾರಿ ನಾನು ಬದುಕಬಲ್ಲೆ.

ಈ ಸಲವೂ ಅಮಾವಾಸ್ಯೆಯ ಹಿಂದಿನ ಭಾನುವಾರ ಮುಂಜಾನೆ ಒಂಬತ್ತಕ್ಕೆ ಕಟ್ಟೆಯ ಮೇಲೆ ಚಾಪೆ ಹಾಸುತ್ತೇನೆ. ಹೋದ ವರ್ಷ ಎರಡು ಬುಟ್ಟಿ ಮಣ್ಣು ಸಾಲಲಿಲ್ಲ, ಈಗ ಐದು ಬುಟ್ಟಿ ಜರಡಿ ಹಿಡಿದು ಇಟ್ಟಿದ್ದೇನೆ. ನಾಲ್ಕು ಅಂಕದ ಆ ಹುಡುಗಿ ಈಗ ನಾಲ್ಕನೆಯ ತರಗತಿ. ಸಣ್ಣವರಿಗೆ ಕಾಲು ಗಿಡ್ಡಕ್ಕೆ ಮಾಡುವುದನ್ನು ತಾನೇ ಹೇಳಿಕೊಡುತ್ತೇನೆ ಎಂದು ನಿನ್ನೆ ಬಂದು ಹೇಳಿ ಹೋಗಿದ್ದಾಳೆ.

ಇಂತಿ ನಿಮ್ಮ ಓದುಗಳು,
ಸ್ಟೇಷನರಿ ಅಂಗಡಿ, ಧಾರವಾಡ