ಮಕ್ಕಳನ್ನು ನೋಡಿಕೊಳ್ಳುವುದನ್ನೂ ಅಗತ್ಯ ಸೇವೆಗೆ ಸೇರಿಸಿ

ಸಂಪಾದಕರಿಗೆ ನಮಸ್ಕಾರ.

ಕೊರೊನಾ ಶುರುವಾದಾಗಿನಿಂದ ಒಂದೇ ಥರದ ಬರಹ ಎಲ್ಲ ಕಡೆ ಕಣ್ಣಿಗೆ ಬೀಳುತ್ತಿದೆ. ಕೆಲಸ ಮತ್ತು ಮನೆ ಎರಡನ್ನೂ ನಿಭಾಯಿಸುವುದು ಹೇಗೆ ಅಂತ. ಬೆಳಿಗ್ಗೆ ಅರ್ಧ ಗಂಟೆ ಬೇಗ ಏಳಿ, ಟೈಮ್ ಟೇಬಲ್ ಹಾಕಿಕೊಳ್ಳಿ, ರಾತ್ರಿಯೇ ತರಕಾರಿ ಹೆಚ್ಚಿಡಿ, ನಿಮಗಾಗಿ ಹತ್ತು ನಿಮಿಷ ಎತ್ತಿಡಿ. ಬರೆದವರು ಒಳ್ಳೆ ಮನಸ್ಸಿನಿಂದಲೇ ಬರೆದಿರುತ್ತಾರೆ. ಆದರೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಶಾಲೆ ಇಲ್ಲದ ಮಗುವಿನ ಜೊತೆ ಮನೆಯಲ್ಲಿ ಯಾರಿರಬೇಕು ಎನ್ನುವ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಇಲ್ಲ. ಎಷ್ಟೇ ಬೇಗ ಎದ್ದರೂ ಈ ಪ್ರಶ್ನೆ ಹಾಗೇ ಉಳಿಯುತ್ತದೆ.

ನಾನು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿ ಬ್ಯಾಂಕ್ ಕ್ಲರ್ಕ್. ನಮ್ಮ ಮನೆಯವರದು ಸಣ್ಣ ಬಟ್ಟೆ ಅಂಗಡಿ. ಇಬ್ಬರು ಮಕ್ಕಳು. ದೊಡ್ಡವಳು ಈಗ ನಾಲ್ಕನೇ ಕ್ಲಾಸು, ಚಿಕ್ಕವನು ಇದೇ 2021ರ ನವೆಂಬರ್ 8ರಿಂದ ಎಲ್‌ಕೆಜಿಗೆ ಹೋಗುತ್ತಿದ್ದಾನೆ. ಮನೆಯಲ್ಲಿ ಅತ್ತೆ ಇದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ, ಬಿಪಿ ಎರಡೂ ಇವೆ. ಮನೆಯಿಂದಲೇ ಕೆಲಸ ಮಾಡುವವರ ಕಷ್ಟ ಸಾಕಷ್ಟು ಪತ್ರಿಕೆಗಳಲ್ಲಿ ಬಂದಿದೆ, ಬರಲೇಬೇಕು, ಅದೂ ದೊಡ್ಡ ಕಷ್ಟವೇ. ಆದರೆ ಮನೆಯಿಂದ ಮಾಡಲಾಗದ ಕೆಲಸ ಮಾಡುವವರ ಮಾತು ಅಷ್ಟಾಗಿ ಬರಲಿಲ್ಲ. ಕ್ಯಾಶ್ ಕೌಂಟರನ್ನು ಮನೆಗೆ ತರಲು ಆಗುವುದಿಲ್ಲ. ಬಸ್ ಓಡಿಸುವುದು, ಇಂಜೆಕ್ಷನ್ ಕೊಡುವುದು, ಗಾರ್ಮೆಂಟ್ಸ್‌ನಲ್ಲಿ ಮಿಷನ್ ತುಳಿಯುವುದು ಯಾವುದನ್ನೂ ತರಲಾಗದು.

2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತಲ್ಲ, ಆಗ ಹಾಲು, ತರಕಾರಿ, ಔಷಧಿ, ಪೆಟ್ರೋಲ್ ಬಂಕ್, ಬ್ಯಾಂಕ್ ಎಲ್ಲ ಅಗತ್ಯ ಸೇವೆ ಅಂತ ಪಟ್ಟಿ ಬಂತು. ಸರಿಯಾದ ಪಟ್ಟಿಯೇ. ಬ್ಯಾಂಕ್ ಮುಚ್ಚಿದ್ದರೆ ಹಳ್ಳಿಯ ಜನ ಏನು ಮಾಡಬೇಕಿತ್ತು? ಏಪ್ರಿಲ್ 3ರಿಂದ ಜನಧನ್ ಖಾತೆಯ ಹೆಣ್ಣುಮಕ್ಕಳಿಗೆ ತಿಂಗಳಿಗೆ 500 ರೂಪಾಯಿಯಂತೆ ಹಾಕಲು ಶುರು ಮಾಡಿದರು. ಖಾತೆಯ ಕೊನೆ ಅಂಕಿ 0, 1 ಇದ್ದವರಿಗೆ ಮೊದಲ ದಿನ, 2, 3 ಇದ್ದವರಿಗೆ ಮರುದಿನ, ಹೀಗೆ. ಆದರೆ ಹಸಿವಿಗೆ ಅಂಕಿ ಗೊತ್ತಾಗುತ್ತಾ? ಎಲ್ಲರೂ ಬಂದರು. ಬಾಗಿಲ ಮುಂದೆ ಸುಣ್ಣದಲ್ಲಿ ಬರೆದ ಚೌಕದೊಳಗೆ ಬಿಸಿಲಲ್ಲಿ ನಿಂತರು. ಅದರ ಜೊತೆಗೇ ಪಿಎಂ ಕಿಸಾನ್ ದುಡ್ಡು, ಸಾಲದ ಕಂತು ಮುಂದೂಡುವ ಅರ್ಜಿ, ಚಿನ್ನದ ಸಾಲ. ವ್ಯವಹಾರದ ಸಮಯ ಕಡಿಮೆ ಮಾಡಿದ್ದರು ನಿಜ, ಆದರೆ ಕ್ಯಾಶ್ ಟ್ಯಾಲಿ ಆಗುವವರೆಗೆ ಕ್ಯಾಷಿಯರ್ ಏಳುವ ಹಾಗಿಲ್ಲ. ಆ ಕೆಲಸದ ಬಗ್ಗೆ ನನಗೆ ಈಗಲೂ ಹೆಮ್ಮೆ ಇದೆ. ಒಬ್ಬ ಅಜ್ಜಿ 500 ರೂಪಾಯಿಯನ್ನು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿಕೊಂಡು ಹೋದದ್ದು ನೋಡಿದರೆ ಯಾರಿಗೂ ಈ ಕೆಲಸ ಬೇಡ ಅನ್ನಿಸುವುದಿಲ್ಲ.

ಲಾಕ್‌ಡೌನ್ ಇದ್ದಷ್ಟು ದಿನ ನಮ್ಮ ಮನೆ ಹೇಗೋ ನಡೆಯಿತು. ಅಂಗಡಿ ಮುಚ್ಚಿತ್ತು, ಮನೆಯವರು ಮನೆಯಲ್ಲಿದ್ದರು. ಅನ್ನ ಸಾರು ಮಾಡಿದರು, ಮಕ್ಕಳಿಗೆ ಸ್ನಾನ ಮಾಡಿಸಿದರು, ಅತ್ತೆಗೆ ಹೊತ್ತು ಹೊತ್ತಿಗೆ ಮಾತ್ರೆ ಕೊಟ್ಟರು. ನಾನು ಸಂಜೆ ಹಿತ್ತಿಲಲ್ಲಿ ಸ್ನಾನ ಮಾಡಿಯೇ ಒಳಗೆ ಬರುತ್ತಿದ್ದೆ. ಅಕ್ಕಪಕ್ಕದವರು ಅವರನ್ನು ನೋಡಿ ಪಾಪ ಅಂದರು. ನಾನು ಅಷ್ಟು ವರ್ಷ ಅದೇ ಕೆಲಸವನ್ನು ಬ್ಯಾಂಕ್ ಡ್ಯೂಟಿಯ ಜೊತೆಗೇ ಮಾಡಿದಾಗ ಯಾರೂ ಪಾಪ ಅಂದಿರಲಿಲ್ಲ. ಇದನ್ನು ಕೊಂಕು ತೆಗೆಯಲು ಹೇಳುತ್ತಿಲ್ಲ. ಕೇಂದ್ರ ಸರ್ಕಾರವೇ 2019ರಲ್ಲಿ ಜನ ದಿನದ ಸಮಯವನ್ನು ಯಾವ ಯಾವ ಕೆಲಸಕ್ಕೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿಸಿತ್ತು, ಅದರ ವರದಿ 2020ರಲ್ಲಿ ಬಂತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 97 ನಿಮಿಷ. ಮಾಡುವವರೇ ಎಷ್ಟು ಮಂದಿ ಅಂತ ನೋಡಿದರೆ ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಇದು ಕೊರೊನಾಗೆ ಮುಂಚಿನ ಲೆಕ್ಕ. ಆಗ ಶಾಲೆ ಇತ್ತು, ಅಂಗನವಾಡಿ ಇತ್ತು, ಕೆಲಸಕ್ಕೆ ಬರುವ ಅಕ್ಕ ಇದ್ದರು. ಇವೆಲ್ಲ ಒಂದೇ ವಾರದಲ್ಲಿ ನಿಂತು ಹೋದರೆ ಆ ಐದು ಗಂಟೆ ಎಷ್ಟಾಗಿರಬೇಡ!

ನನ್ನ ಮುಖ್ಯ ಮಾತು ಈಗ ಬರುತ್ತದೆ. ನಮಗೆ ಲಾಕ್‌ಡೌನ್‌ಗಿಂತ ಅನ್‌ಲಾಕ್ ಕಷ್ಟವಾಯಿತು. ಅಂಗಡಿ ತೆರೆಯಿತು, ಮನೆಯವರು ಹೋಗಲೇಬೇಕಾಯಿತು, ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ನನ್ನ ಡ್ಯೂಟಿ ಮೊದಲಿನಷ್ಟೇ ಆಯಿತು. ಶಾಲೆ ಮಾತ್ರ ತೆರೆಯಲಿಲ್ಲ. 2020ರ ಮೇ 4ಕ್ಕೆ ಮದ್ಯದ ಅಂಗಡಿ ತೆರೆಯಿತು. ಜೂನ್‌ನಲ್ಲಿ ಮಾಲ್, ಹೋಟೆಲ್, ದೇವಸ್ಥಾನ ತೆರೆದವು. ಅಕ್ಟೋಬರ್‌ನಲ್ಲಿ ಸಿನಿಮಾ ಥಿಯೇಟರ್ ತೆರೆದವು, 2021ರ ಫೆಬ್ರುವರಿಯಲ್ಲಿ ಎಲ್ಲ ಸೀಟೂ ತುಂಬಲು ಅನುಮತಿ ಸಿಕ್ಕಿತು. ಒಂದರಿಂದ ಐದನೇ ಕ್ಲಾಸು ತೆರೆದದ್ದು ಯಾವಾಗ? 2021ರ ಅಕ್ಟೋಬರ್ 25ಕ್ಕೆ. 2020ರ ಮಾರ್ಚ್ ಮಧ್ಯದಿಂದ ಲೆಕ್ಕ ಹಾಕಿದರೆ 19 ತಿಂಗಳ ಮೇಲಾಯಿತು. ಥಿಯೇಟರ್‌ನವರ ಹೊಟ್ಟೆಪಾಡೂ ದೊಡ್ಡದೇ, ಅವರು ಬೀದಿಗೆ ಬಂದು ಕೇಳಿದರು, ಅದಕ್ಕೇ ಸಿಕ್ಕಿತು. ಆರು ವರ್ಷದ ಮಕ್ಕಳು ಎಲ್ಲಿಗೆ ಹೋಗಿ ಕೇಳಬೇಕು? ಅವರ ತಾಯಂದಿರಿಗೆ ಕೇಳಲು ಹೊತ್ತೆಲ್ಲಿತ್ತು?

ಮಕ್ಕಳ ಜೀವಕ್ಕಿಂತ ಶಾಲೆ ದೊಡ್ಡದಾ ಅಂತ ಕೇಳುವವರಿದ್ದಾರೆ. ನಾನೂ ತಾಯಿಯೇ, ಹೆದರಿಕೆ ನನಗೂ ಇತ್ತು. ಶಿಕ್ಷಕರೇ ಮಕ್ಕಳಿರುವ ಕಡೆ ಹೋಗಿ ಪಾಠ ಹೇಳುವ ವಿದ್ಯಾಗಮ ಶುರುವಾಗಿ, ಸೋಂಕಿನ ಭಯಕ್ಕೆ 2020ರ ಅಕ್ಟೋಬರ್‌ನಲ್ಲಿ ನಿಂತದ್ದು ನೆನಪಿದೆ, ಶಿಕ್ಷಕರು ಜೀವ ಕಳೆದುಕೊಂಡ ಸುದ್ದಿಯೂ ನೆನಪಿದೆ. ಶಾಲೆ ಮುಚ್ಚಿದ್ದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮುಚ್ಚಿದಾಗ ಆ ಮಕ್ಕಳು ಎಲ್ಲಿರಬೇಕು ಅಂತ ಯೋಚಿಸದೆ ಅವರ ಅಪ್ಪ ಅಮ್ಮಂದಿರನ್ನು ಡ್ಯೂಟಿಗೆ ಕರೆದರಲ್ಲ, ಅದು ತಪ್ಪು.

65 ವರ್ಷ ದಾಟಿದವರು ಹೊರಗೆ ಬರಬಾರದು, 10 ವರ್ಷದೊಳಗಿನ ಮಕ್ಕಳೂ ಬರಬಾರದು ಅಂತ ಸೂಚನೆ ಇತ್ತು. ಹಾಗಾಗಿ ಸಾವಿರಾರು ಮನೆಗಳಲ್ಲಿ ಆದದ್ದು ಇಷ್ಟೇ: ಕಾಯಿಲೆಯ ಅಜ್ಜಿಯ ಕೈಗೆ ಮಕ್ಕಳನ್ನು ಕೊಟ್ಟು ಉಳಿದವರು ಕೆಲಸಕ್ಕೆ ಹೊರಟರು. ನಮ್ಮ ಅತ್ತೆ ಮೂರು ವರ್ಷದ ಹುಡುಗನ ಹಿಂದೆ ಓಡಬೇಕು, ಅದೇ ಹೊತ್ತಿಗೆ ದೊಡ್ಡವಳ ಆನ್‌ಲೈನ್ ಕ್ಲಾಸಿಗೆ ಮೊಬೈಲ್ ಹಚ್ಚಿ ಕೊಡಬೇಕು. ಆನ್‌ಲೈನ್ ಕ್ಲಾಸ್ ಬೇಕೋ ಬೇಡವೋ ಅಂತ ಆಗ ದೊಡ್ಡ ಚರ್ಚೆ ನಡೆಯುತ್ತಿತ್ತು. ಸರ್ಕಾರ ಐದನೇ ಕ್ಲಾಸಿನವರೆಗೆ ಬೇಡ ಅಂದಿತು, ಹೈಕೋರ್ಟ್ 2020ರ ಜುಲೈ 8ರಂದು ಆ ಆದೇಶಕ್ಕೆ ತಡೆ ಕೊಟ್ಟಿತು. ಕೋರ್ಟ್‌ನಲ್ಲಿ ಮಕ್ಕಳ ಹಕ್ಕಿನ ಮಾತು ಬಂತು, ಒಳ್ಳೆಯದೇ. ಆದರೆ ಏಳು ವರ್ಷದ ಮಗುವಿನ ಪಕ್ಕ ಕೂತು ಮ್ಯೂಟ್ ತೆಗೆಯುವವರು ಯಾರು ಎನ್ನುವ ಮಾತು ಎಲ್ಲೂ ಬರಲಿಲ್ಲ. ಕ್ಲಾಸಿಗೆ ಬೇಕು ಅಂತ ನನ್ನ ಫೋನನ್ನು ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಮಧ್ಯಾಹ್ನ ಚಿಕ್ಕವನು ಊಟ ಮಾಡಿದನಾ ಅಂತ ಕೇಳಬೇಕೆಂದರೆ ಪಕ್ಕದ ಕೌಂಟರಿನವರ ಫೋನ್ ಇಸಿದುಕೊಳ್ಳಬೇಕು, ಎದುರಿಗೆ ಕ್ಯೂ ನಿಂತಿರುತ್ತದೆ, ಕೇಳುವುದು ಬಿಟ್ಟುಬಿಡುತ್ತಿದ್ದೆ. 2021ರ ಮೇ ತಿಂಗಳಲ್ಲಿ ನನಗೇ ಪಾಸಿಟಿವ್ ಬಂತು. ಅತ್ತೆಗೆ ತಗಲಲಿಲ್ಲ, ದೇವರು ದೊಡ್ಡವನು. ತಗಲಿದ ಮನೆಗಳ ಕಥೆ ಎಲ್ಲರಿಗೂ ಗೊತ್ತಿದೆ, ಅದನ್ನು ನಾನು ಇಲ್ಲಿ ಬರೆಯಲಾರೆ.

ನನ್ನದು ಸಂಬಳ ತಪ್ಪದ ಕೆಲಸ. ನಮಗಿಂತ ಕಷ್ಟ ಪಟ್ಟವರು ಬೇಕಾದಷ್ಟು ಮಂದಿ. ರಾಜ್ಯದಲ್ಲಿ ಸುಮಾರು 42,000 ಆಶಾ ಕಾರ್ಯಕರ್ತೆಯರಿದ್ದಾರೆ. ಮನೆ ಮನೆಗೆ ಹೋಗಿ ಜ್ವರ ಇದೆಯಾ, ಕೆಮ್ಮು ಇದೆಯಾ ಅಂತ ಕೇಳಿದವರು ಅವರೇ. ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಅಂತ 2020ರ ಜುಲೈನಲ್ಲಿ ಮುಷ್ಕರಕ್ಕೆ ಕೂತರು. ಅವರ ಮಕ್ಕಳು ಆಗ ಎಲ್ಲಿದ್ದರು? ನಮ್ಮ ಬೀದಿಗೆ ಬರುವ ಆಶಾ ಅಕ್ಕ ತಮ್ಮ ಮಗಳನ್ನು ಜೊತೆಗೇ ಕರೆದುಕೊಂಡು ಬರುತ್ತಿದ್ದರು, ಕಟ್ಟೆಯ ಮೇಲೆ ಕೂರಿಸಿ ಮನೆಗಳಿಗೆ ಹೋಗುತ್ತಿದ್ದರು. ಸೋಂಕು ಹುಡುಕುವ ಕೆಲಸಕ್ಕೆ ಮಗುವನ್ನು ಕರೆದುಕೊಂಡು ಬರುವಂಥ ಪರಿಸ್ಥಿತಿ. ಇನ್ನು ಗಾರ್ಮೆಂಟ್ಸ್‌ನವರು. 2020ರ ಮೇ 22ರಂದು ಸರ್ಕಾರ ಕಾರ್ಖಾನೆಗಳಲ್ಲಿ ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆ ದುಡಿಸಬಹುದು ಅಂತ ಆದೇಶ ಹೊರಡಿಸಿತು. ಕಾರ್ಮಿಕರ ಪರವಾಗಿ ಹೈಕೋರ್ಟ್‌ಗೆ ಹೋದ ಮೇಲೆ ಜೂನ್‌ನಲ್ಲಿ ವಾಪಸ್ ತೆಗೆದುಕೊಂಡಿತು. ಶಾಲೆ, ಅಂಗನವಾಡಿ, ಶಿಶುಪಾಲನಾ ಕೇಂದ್ರ ಎಲ್ಲ ಮುಚ್ಚಿರುವಾಗ, ಹೆಚ್ಚಾಗಿ ಹೆಂಗಸರೇ ದುಡಿಯುವ ಕಾರ್ಖಾನೆಗಳಲ್ಲಿ ಕೆಲಸದ ಗಂಟೆ ಜಾಸ್ತಿ ಮಾಡಲು ಹೊರಟರು. ಒಂದು ಇಲಾಖೆ ಮಗುವನ್ನು ಮನೆಗೆ ಕಳಿಸುತ್ತದೆ, ಇನ್ನೊಂದು ಇಲಾಖೆ ತಾಯಿಯನ್ನು ಮನೆಯಿಂದ ಕರೆಯುತ್ತದೆ. ಇಬ್ಬರೂ ಕೂತು ಮಾತಾಡಿದ ಹಾಗೆ ನನಗಂತೂ ಕಾಣಲಿಲ್ಲ.

ಬೇರೆ ದಾರಿ ಇರಲಿಲ್ಲವಾ? ಇತ್ತು. ಇಂಗ್ಲೆಂಡಿನಲ್ಲಿ 2020ರ ಮಾರ್ಚ್ 20ರ ಸಂಜೆಯಿಂದ ಶಾಲೆ ಮುಚ್ಚಿದರು. ಆದರೆ ಆಸ್ಪತ್ರೆ, ಪೊಲೀಸ್, ಆಹಾರ ಸಾಗಣೆ ಇಂಥ ಅಗತ್ಯ ಕೆಲಸದವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದೇ ಇಟ್ಟರು. ಬ್ಯಾಂಕಿನವರೂ ಆ ಪಟ್ಟಿಯಲ್ಲಿದ್ದರು. ಜರ್ಮನಿಯಲ್ಲೂ ಇಂಥ ತುರ್ತು ವ್ಯವಸ್ಥೆ ಮಾಡಿದ್ದರು. ಮಕ್ಕಳು ಕಡಿಮೆ, ಗುಂಪು ಚಿಕ್ಕದು. ಅಲ್ಲಿಯೂ ಸೋಂಕು ಇತ್ತು, ಹೆದರಿಕೆ ಇತ್ತು. ಆದರೂ ಒಬ್ಬ ನರ್ಸನ್ನು ಡ್ಯೂಟಿಗೆ ಕರೆಯಬೇಕಾದರೆ ಅವಳ ಮಗುವಿಗೆ ಒಂದು ಜಾಗ ಬೇಕು ಎನ್ನುವುದನ್ನು ಮೊದಲ ದಿನವೇ ಯೋಚಿಸಿದರು. ಅವರ ಹತ್ತಿರ ದುಡ್ಡಿದೆ, ನಮ್ಮಲ್ಲಿ ಆಗಲ್ಲ ಅಂತ ಹೇಳಬೇಡಿ. ನಮ್ಮ ಹತ್ತಿರ ಊರೂರಿಗೆ ಅಂಗನವಾಡಿ ಇದೆ. ಸರ್ಕಾರಿ ಶಾಲೆ ಇದೆ, ಅಡುಗೆ ಕೋಣೆ ಇದೆ, ಮಕ್ಕಳನ್ನು ಹೆಸರು ಹಿಡಿದು ಕರೆಯುವ ಕಾರ್ಯಕರ್ತೆಯರಿದ್ದಾರೆ. ಲಾಕ್‌ಡೌನ್‌ನಲ್ಲೂ ಅವರು ರೇಷನ್ನನ್ನು ಮನೆಗೇ ತಲುಪಿಸಿದರು. ಕಟ್ಟಡವೂ ಇತ್ತು, ಜನವೂ ಇದ್ದರು, ಆದೇಶ ಒಂದು ಇರಲಿಲ್ಲ.

ಕಾನೂನು ಇಲ್ಲವೇ ಅಂದರೆ ಇದೆ. 30ಕ್ಕಿಂತ ಹೆಚ್ಚು ಹೆಂಗಸರಿರುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿ ತಂದು, 50 ಜನರಿಗಿಂತ ಕಡಿಮೆಯಿಲ್ಲದ ಸಂಸ್ಥೆಗಳಿಗೂ ಇದನ್ನು ಕಡ್ಡಾಯ ಮಾಡಿದರು. ಆದರೆ ನಮ್ಮಂಥ ಹಳ್ಳಿ ಶಾಖೆಯಲ್ಲಿ ಇರುವುದೇ ಏಳೆಂಟು ಮಂದಿ. ಅಂಚೆ ಕಚೇರಿಯಲ್ಲಿ ಅಷ್ಟೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಪೊಲೀಸ್ ಠಾಣೆ, ಬೆಸ್ಕಾಂ ಕಚೇರಿ ಎಲ್ಲವೂ ಸಣ್ಣವೇ. ಒಬ್ಬೊಬ್ಬರೇ ಕೇಂದ್ರ ನಡೆಸಲು ಸಾಧ್ಯವಿಲ್ಲ, ಒಪ್ಪುತ್ತೇನೆ. ಅದೇ ತಿದ್ದುಪಡಿಯಲ್ಲಿ ಹಲವರು ಸೇರಿ ಒಂದೇ ಕೇಂದ್ರ ನಡೆಸಲು ಅವಕಾಶ ಕೊಟ್ಟಿದ್ದರು. ಹೋಬಳಿಗೊಂದು ಮಾಡಿ. ಸರ್ಕಾರಿ ಶಾಲೆಯ ಒಂದು ಕೋಣೆ ಸಾಕು. ಬ್ಯಾಂಕುಗಳು ದುಡ್ಡು ಹಾಕಲಿ, ಇಲಾಖೆಗಳು ಹಾಕಲಿ, ನಾವೂ ತಿಂಗಳಿಗಿಷ್ಟು ಅಂತ ಕೊಡುತ್ತೇವೆ. ಕೂಲಿಗೆ ಹೋಗುವವರ ಮಕ್ಕಳಿಗೆ ಮಾತ್ರ ಉಚಿತ ಇರಲಿ. ಒಂದೇ ಷರತ್ತು, ಈ ಕೆಲಸವನ್ನು ಅಂಗನವಾಡಿ ಕಾರ್ಯಕರ್ತೆಯರ ತಲೆಗೆ ಬಿಟ್ಟಿಯಾಗಿ ಕಟ್ಟಬೇಡಿ. ಅವರಿಗೂ ಮನೆ ಇದೆ, ಮಕ್ಕಳಿದ್ದಾರೆ. ಪ್ರತ್ಯೇಕ ಸಂಬಳ ಕೊಟ್ಟು, ಪ್ರತ್ಯೇಕ ಜನ ನೇಮಿಸಿ.

ಗಂಡಸರಿಗೂ ಒಂದು ಮಾತು ಹೇಳಬೇಕು. ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ 27ರಿಂದ ಮತ್ತೆ ಎಲ್ಲ ಬಂದ್ ಆದಾಗ ನಮ್ಮ ಮನೆಯವರು ಮತ್ತೆ ಅಡುಗೆಮನೆಗೆ ಬಂದರು. ನನಗೆ ಪಾಸಿಟಿವ್ ಬಂದಾಗ ಇಡೀ ಮನೆ ಅವರ ಮೇಲೇ ನಿಂತಿತ್ತು. ಅಂಗಡಿ ತೆರೆದ ಮೇಲೂ ಮಕ್ಕಳ ಸ್ನಾನ, ತಿಂಡಿ ಅವರದೇ. ಇದನ್ನು ಬರೆಯಿರಿ ಅಂತ ಅವರೇ ಹೇಳಿದರು, ಅಂಗಡಿಯ ಗೆಳೆಯರು ಓದಲಿ ಅಂತ. ಹಾಗೆ ಮಾಡುವವರು ಬಹಳ ಮಂದಿ ಇದ್ದಾರೆ, ಹೊರಗೆ ಹೇಳಿಕೊಳ್ಳಲು ಸಂಕೋಚ. ಆದರೆ ನಮ್ಮಿಬ್ಬರ ಹೊಂದಾಣಿಕೆಯಿಂದ ಬೆಳಗಿನ ಎರಡು ಗಂಟೆ ಹಗುರಾಯಿತು ಅಷ್ಟೇ. ಹತ್ತರಿಂದ ಐದರವರೆಗಿನ ಏಳು ಗಂಟೆಗೆ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ. ಆ ಏಳು ಗಂಟೆಯ ಹೊಣೆ ನಮ್ಮಿಬ್ಬರದು ಮಾತ್ರ ಅಲ್ಲ ಎನ್ನುವುದೇ ನನ್ನ ವಾದ.

ಮೂರನೇ ಅಲೆ ಬರಬಹುದು ಅಂತ ಈಗ, 2021ರ ಕೊನೆಯಲ್ಲಿ, ದಿನಾ ಟಿವಿಯಲ್ಲಿ ಹೇಳುತ್ತಿದ್ದಾರೆ. ಆಕ್ಸಿಜನ್ ಘಟಕ, ಮಕ್ಕಳ ವಾರ್ಡ್, ಹಾಸಿಗೆ ಎಲ್ಲಕ್ಕೂ ಸಿದ್ಧತೆ ನಡೆದಿದೆ, ಸಂತೋಷ. ನಿಮ್ಮ ಪತ್ರಿಕೆಯ ಜಿಲ್ಲಾ ವರದಿಗಾರರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಿದ್ಧತಾ ಸಭೆ ಮುಗಿದ ಮೇಲೆ ಜಿಲ್ಲಾಧಿಕಾರಿಗಳನ್ನೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯವರನ್ನೂ ಒಂದು ವಿಷಯ ಕೇಳಿ: ಶಾಲೆ, ಅಂಗನವಾಡಿ ಮತ್ತೆ ಮುಚ್ಚುವ ಆದೇಶ ಬಂದರೆ, ಮರುದಿನ ಡ್ಯೂಟಿಗೆ ಹೋಗಲೇಬೇಕಾದವರ ಮಕ್ಕಳಿಗೆ ನಮ್ಮ ಜಿಲ್ಲೆಯಲ್ಲಿ ಯಾವ ಯಾವ ಕಟ್ಟಡ ಗುರುತಿಸಿದ್ದೀರಿ, ಅಲ್ಲಿ ಯಾರಿರುತ್ತಾರೆ? ಅವರು ಕೊಡುವ ಉತ್ತರವನ್ನು ಹೋಬಳಿವಾರು ಹಾಗೇ ಅಚ್ಚು ಹಾಕಿ.

ಇತಿ,
ಒಬ್ಬ ಬ್ಯಾಂಕ್ ಉದ್ಯೋಗಿ, ದಾವಣಗೆರೆ ಜಿಲ್ಲೆ