ದ್ರಾಕ್ಷಿತೋಟದ ಕೂಲಿ ಮತ್ತು ನಿನ್ನ ಪ್ರಶ್ನೆ

ಪ್ರಿಯ ಗೆಳೆಯಾ,

ಯೇಸು ದೇವರ ಮಗನೆಂಬುದನ್ನು ಒಪ್ಪದೆ ಅವನ ನೀತಿಬೋಧೆಯನ್ನು ಮಾತ್ರ ಮೆಚ್ಚುವುದು ಬೇರು ಕಡಿದ ಗಿಡಕ್ಕೆ ನೀರೆರೆದ ಹಾಗೆ ಎಂದು ಬರೆದಿದ್ದೀಯೆ. ಕಡು ನಾಸ್ತಿಕನಾದ ಜರ್ಮನ್ ತತ್ವಜ್ಞಾನಿ ನೀತ್ಸೆಯೂ ಈ ವಾದದಲ್ಲಿ ನಿನ್ನ ಪಕ್ಷವೇ. ಕ್ರೈಸ್ತ ನಂಬಿಕೆಯನ್ನು ಬಿಟ್ಟವನಿಗೆ ಕ್ರೈಸ್ತ ನೀತಿಯ ಮೇಲೆ ಹಕ್ಕಿಲ್ಲವೆಂದೇ ಅವನ ತೀರ್ಮಾನ. ಎದುರು ಪಕ್ಷದಲ್ಲೂ ದೊಡ್ಡವರಿದ್ದಾರೆ. 1820ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜೆಫರ್ಸನ್ ಪವಾಡಗಳನ್ನು ಕೈಬಿಟ್ಟು ಯೇಸುವಿನ ಬದುಕು ಮತ್ತು ಬೋಧನೆಯ ಭಾಗಗಳನ್ನಷ್ಟೇ ಕತ್ತರಿಸಿ ಅಂಟಿಸಿದ ಪುಸ್ತಕವನ್ನು ಮುಗಿಸಿದ. ಅದೇ ವರ್ಷ ಕಲ್ಕತ್ತೆಯಲ್ಲಿ ರಾಜಾ ರಾಮಮೋಹನ ರಾಯರು ಯೇಸುವಿನ ಉಪದೇಶಗಳನ್ನು ಬೇರೆಯಾಗಿ ಅಚ್ಚು ಹಾಕಿಸಿದಾಗ ಶ್ರೀರಾಂಪುರದ ಮಿಷನರಿಗಳು ಕೆರಳಿದರು. ಯೇಸುವೆಂಬವನು ಬದುಕಿಯೇ ಇರಲಿಲ್ಲವೆಂದು ಯಾರಾದರೂ ಸಾಧಿಸಿ ತೋರಿಸಿದರೂ ಬೆಟ್ಟದ ಮೇಲೆ ಅವನು ಮಾಡಿದನೆನ್ನುವ ಬೋಧೆ, ಪರ್ವತಪ್ರಸಂಗ, ತಮಗೆ ಸತ್ಯವೇ ಎಂದು ಗಾಂಧೀಜಿ 1931ರಲ್ಲಿ ಹೇಳಿದರು.

ದೊಡ್ಡವರ ಹೆಸರಿನಿಂದ ವಾದ ತೀರುವುದಿಲ್ಲವಾದ್ದರಿಂದ ಯೇಸು ಹೇಳಿದ ಒಂದು ಸಾಮತಿಯನ್ನೇ, ಅಂದರೆ ದೃಷ್ಟಾಂತದ ಕಥೆಯನ್ನೇ, ನೋಡೋಣ. ಬೈಬಲಿನ ಮತ್ತಾಯನ ಶುಭಸಂದೇಶದಲ್ಲಿ ಬರುವ ದ್ರಾಕ್ಷಿತೋಟದ ಯಜಮಾನ, ಬೆಳಗ್ಗೆಯಿಂದ ಬಿಸಿಲಲ್ಲಿ ದುಡಿದವರಿಗೂ ಸಂಜೆ ಒಂದು ಗಂಟೆಯಷ್ಟೇ ದುಡಿದವರಿಗೂ ಒಂದೇ ಕೂಲಿ ಕೊಡುತ್ತಾನೆ. ಕಾಫಿ ಕುಯ್ಲಿನ ಕಾಲದಲ್ಲಿ ನಮ್ಮ ತೋಟಗಳಲ್ಲಿ ಸಂಜೆ ಏನು ನಡೆಯುತ್ತದೆಂದು ನಿನಗೆ ಗೊತ್ತು: ಚೀಲಗಳು ಒಂದೊಂದಾಗಿ ತಕ್ಕಡಿಗೇರುತ್ತವೆ, ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬೊಬ್ಬರ ಹೆಸರಿನ ಮುಂದೆ ಕಿಲೋ ಬರೆದುಕೊಳ್ಳುತ್ತಾನೆ, ಬೆರಳು ಚುರುಕಿಲ್ಲದ ಮುದುಕಿಯ ಅರ್ಧ ಚೀಲಕ್ಕೆ ಅರ್ಧವೇ ಲೆಕ್ಕ. ಆ ಯಜಮಾನನಂತೆ ನಾನು ಬಟವಾಡೆ ಮಾಡಿದರೆ ಮರುದಿನ ಬೆಳಗ್ಗೆ ಎಂಟಕ್ಕೆ ಯಾರೂ ಬರಲಾರರೆಂಬ ಭಯ ನನಗೂ ಇದೆ. ಆದರೂ, ಇಷ್ಟು ಹೊತ್ತು ಸುಮ್ಮನೆ ಏಕೆ ನಿಂತಿದ್ದಿರಿ ಎಂದು ಕೇಳಿದಾಗ ಕೊನೆಯವರು ಕೊಡುವ ಉತ್ತರ, ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ ಎಂಬುದು, ನನ್ನ ಲೆಕ್ಕವನ್ನು ಕೆಡಿಸುತ್ತದೆ. ಕೆಲಸ ಸಿಗದವನ ಮನೆಯಲ್ಲೂ ರಾತ್ರಿ ಅಷ್ಟೇ ಅಕ್ಕಿ ಬೇಯಬೇಕಲ್ಲ! ಇದು ಪರಲೋಕರಾಜ್ಯದ ಮಾತು, ಕೂಲಿಯದಲ್ಲ ಎಂದು ನೀನು ತಿದ್ದುತ್ತೀಯೆ. ಹೌದು, ಆದರೆ ಕೂಲಿಯ ಸಂಕಟ ಕೇಳುವವನಿಗೆ ಮೊದಲೇ ತಟ್ಟದಿದ್ದರೆ ಪರಲೋಕದ ಮಾತೂ ಅವನಿಗೆ ಹತ್ತುತ್ತಿರಲಿಲ್ಲ. ಹಾಗೆ ತಟ್ಟುವುದಕ್ಕೆ ಹೇಳಿದವನು ಯಾರೆಂಬುದು ಗೊತ್ತಿರಬೇಕಾಗಿಲ್ಲ.

ಹಾಗೆಂದು ಎಲ್ಲ ಬೋಧನೆಗಳೂ ದೇವರಿಲ್ಲದೆ ನಿಲ್ಲುತ್ತವೆಂದು ನಾನು ಹೇಳಲಾರೆ, ಜೆಫರ್ಸನ್ ಕತ್ತರಿಯ ಮೇಲೆ ನನಗಿರುವ ಅನುಮಾನವೂ ಇದೇ. ಆಕಾಶದ ಹಕ್ಕಿಗಳನ್ನು ತೋರಿಸಿ ನಾಳೆಯ ಚಿಂತೆ ಬೇಡವೆನ್ನುವ ಮಾತು, ಉಣಿಸುವ ತಂದೆಯೊಬ್ಬನಿದ್ದರೆ ಮಾತ್ರ ಅರ್ಥವುಳ್ಳದ್ದು. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದು ಮನೆ, ತೋಟ ಎರಡನ್ನೂ ಕಳೆದುಕೊಂಡು ಪರಿಹಾರ ಕೇಂದ್ರದಲ್ಲಿ ಕುಳಿತವನಿಗೆ, ಆ ತಂದೆಯನ್ನು ನಂಬದ ನಾನು ಈ ಮಾತನ್ನು ಹೇಳಿದರೆ ಅದು ಬರೀ ಉಡಾಫೆಯಾಗುತ್ತಿತ್ತು.

ನೀನು ಜರ್ಮನ್ ಮಿಷನರಿ ಮೋಗ್ಲಿಂಗನನ್ನು ಎದುರಿಗೆ ತರುತ್ತೀಯೆಂದೂ ಬಲ್ಲೆ. 1850ರ ದಶಕದಲ್ಲಿ ಕ್ರೈಸ್ತ ದೀಕ್ಷೆ ಪಡೆದ, ಜೀತದಲ್ಲಿದ್ದ ಹೊಲೆಯರಿಗೆಂದು ಅವನು ಕೊಡಗಿನಲ್ಲಿ ಆನಂದಪುರವೆಂಬ ಊರನ್ನು ನೆಲೆಗೊಳಿಸಿದ್ದು ಬರಿಯ ನೀತಿಪಾಠದ ಬಲದಿಂದಲ್ಲ, ದೇವರ ಕರೆಯೆಂಬ ನಂಬಿಕೆಯಿಂದಲೇ. ಒಪ್ಪಿದೆ. ನಂಬಿಕೆ ಅವನನ್ನು ನಡೆಸಿತು. ಆದರೆ ಜೀತದಾಳೂ ಮನುಷ್ಯನೆಂಬ ಮಾತು ಅವನ ನಂಬಿಕೆ ಸುಳ್ಳಾಗಿದ್ದರೂ ಸುಳ್ಳಾಗುತ್ತಿರಲಿಲ್ಲ.

ನಾನು ನಿಜವಾಗಿ ತಡವರಿಸುವುದು ಶತ್ರುವನ್ನು ಪ್ರೀತಿಸಿರಿ ಎಂಬಲ್ಲಿ. ಅದಕ್ಕೆ ಯೇಸು ಕೊಡುವ ಕಾರಣ, ತಂದೆಯು ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಮಳೆ ಸುರಿಸುತ್ತಾನೆಂಬುದು. ತಂದೆಯನ್ನು ತೆಗೆದರೆ ಉಳಿಯುವುದು ಬರಿಯ ಮಳೆ, ಮಳೆಯಿಂದ ಯಾವ ಕರ್ತವ್ಯವೂ ಹುಟ್ಟುವುದಿಲ್ಲ. ತಂದೆಯಿಲ್ಲದೆ ಆ ಆಜ್ಞೆಗೆ ಬೇರೆ ಆಧಾರವುಂಟೇ? ನನಗೆ ಕಂಡಿರುವುದು ಒಂದೇ: ಸೇಡು ತಲೆಮಾರುಗಳನ್ನು ತಿನ್ನುತ್ತದೆ. ಆದರೆ ಇದು ಸೇಡು ಬಿಡುವುದಕ್ಕೆ ಸಾಕೇ ಹೊರತು ಪ್ರೀತಿಸುವುದಕ್ಕೆ ಸಾಲದು. ಇಲ್ಲಿ ನಿನ್ನ ಪಕ್ಷ ಗಟ್ಟಿಯಾಗಿದೆಯೆಂದು ಒಪ್ಪುತ್ತೇನೆ. ಉತ್ತರ ಬರೆಯುವಾಗ ಇದನ್ನೇ ಮೊದಲು ಹಿಡಿದುಕೊ.

ನಿನ್ನ ಗೆಳೆಯ