ರಾಗಿ ಹೂವು ನೋಡಲು ಬಂದವರಿಗೆ, ಮತ್ತು ಅಕ್ಕನಿಗೆ

ಶನಿವಾರ ರಾತ್ರಿ ಎರಡೂವರೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಗೇಟಿನ ಹತ್ತಿರ ಟಾರ್ಚ್ ಹಿಡಿದು ನಿಂತಿದ್ದಾಗ, ಹತ್ತು ಜನ ಬಂದರೆ ದೊಡ್ಡದು ಅಂದುಕೊಂಡಿದ್ದೆ. 64 ಜನ ಬಂದಿರಿ. ಮಂಡ್ಯದವರು, ಮೈಸೂರಿನವರು, ಪಾಂಡವಪುರದ ಕಡೆಯ ರೈತರು. ಮಂಕಿ ಕ್ಯಾಪ್, ಶಾಲು, ತಲೆಗೆ ಸುತ್ತಿದ ಟವೆಲ್. ಒಬ್ಬರು ನಿದ್ದೆಯಲ್ಲಿದ್ದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದರು. ಇಷ್ಟೆಲ್ಲ ಯಾತಕ್ಕೆ? ಬರಿಗಣ್ಣಿಗೆ ಸರಿಯಾಗಿ ಕಾಣದ ಒಂದು ಹೂವು ನೋಡೋಕೆ. ರಾಗಿಗೂ ಹೂವು ಇದೆಯಾ ಅಂತ ಕೇಳಿದವರೂ ನಿಮ್ಮಲ್ಲಿ ಇದ್ದರು.

ನಿಮಗೆಲ್ಲ ಥ್ಯಾಂಕ್ಸ್ ಹೇಳೋಣ ಅಂತ ಬರೆಯಲು ಕೂತೆ. ಬರೀತಾ ಬರೀತಾ ಅದು ಬೇರೆ ಕಡೆ ಹೋಯಿತು. ಹೋಗಲಿ ಬಿಡಿ.

ಹೋದ ವರ್ಷದ ನನ್ನ ಕಾಯಿಲೆಯ ಕತೆ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಮತ್ತೆ ಬಿಚ್ಚಿಡಲ್ಲ. ವರದಿಗಳು ಚೆನ್ನಾಗಿವೆ, ಕೂದಲು ಬರ್ತಾ ಇದೆ, ಈ ಸೆಮಿಸ್ಟರ್‌ನಿಂದ ಕ್ಲಾಸ್ ತಗೋತಾ ಇದ್ದೇನೆ. ಡಾಕ್ಟರುಗಳು, ನರ್ಸ್‌ಗಳು, ನನ್ನ ಪಾಠಗಳನ್ನು ಹಂಚಿಕೊಂಡು ಮಾಡಿದ ಸಹೋದ್ಯೋಗಿಗಳು, ನನ್ನನ್ನು ಕಾಯದೆ ತಮ್ಮ ಪ್ರಬಂಧ ತಾವೇ ಮುಗಿಸಿಕೊಂಡ ವಿದ್ಯಾರ್ಥಿಗಳು, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಸಾರು ಕಳಿಸಿದ ಪಕ್ಕದ ಕ್ವಾರ್ಟರ್ಸ್‌ನ ಅತ್ತೆ, ನನ್ನ ಗಂಡ, ಮಗಳು: ಎಲ್ಲರಿಗೂ ನನ್ನ ನಮಸ್ಕಾರ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಮಾಡ್ಕೋಬೇಡಿ. ನಿಮ್ಮ ಹತ್ತಿರ ಎದುರಿಗೆ ಹೇಳಿದ್ದೇನೆ. ಎದುರಿಗೆ ಹೇಳೋಕೆ ಹೋದರೆ "ಅಯ್ಯೋ ಸುಮ್ನಿರಿ ಮೇಡಂ" ಅಂತ ಎದ್ದು ಹೋಗುವವರು ಒಬ್ಬರಿದ್ದಾರೆ. ಅವರಿಗೆ ಬರೆದೇ ಹೇಳಬೇಕು.

ನನ್ನ ಭಾನುವಾರದ ಬರಹಗಳಲ್ಲಿ 'ಅಕ್ಕ' ಅಂತ ಬರುವವರು ಅವರೇ. ಕೆಲವರು ನನ್ನ ಸ್ವಂತ ಅಕ್ಕ ಅಂದುಕೊಂಡಿದ್ದೀರಿ. ಅಲ್ಲ. ನಮ್ಮ ರಾಗಿ ತಾಕಿನಲ್ಲಿ ಕೆಲಸ ಮಾಡುವವರು. ದಿನಗೂಲಿಗೆ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಹೆಸರು ಹಾಕಲಾ ಅಂತ ಕೇಳಿದೆ. "ಫೋನಲ್ಲೆಲ್ಲ ನನ್ ಹೆಸರು ಹಾಕ್ಬೇಡಿ, ನಮ್ಮೂರ್ನೋರು ನಗ್ತಾರೆ" ಅಂದರು. ಹಾಗಾಗಿ ಅಕ್ಕ.

ಈ ಫಾರಂ ಬಗ್ಗೆ ಎರಡು ಮಾತು ಹೇಳಿದರೆ ಅಕ್ಕನ ಕೆಲಸ ಏನು ಅಂತ ಗೊತ್ತಾಗುತ್ತೆ. 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ದೇಶದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿದ್ದು ಇಲ್ಲೇ. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್' ಸೇರಿ ಆ ಹೊಸ ತಳಿಗಳ ಹೆಸರು 'ಇಂಡಾಫ್' ಆಯಿತು. ಈಗಲೂ ಹಳ್ಳಿಗಳಲ್ಲಿ ಹಿರಿಯರನ್ನು ಕೇಳಿದರೆ ಇಂಡಾಫ್ ಅನ್ನುವುದು ಅಚ್ಚ ಕನ್ನಡದ ಪದ ಅನ್ನುವ ಹಾಗೆ ಹೇಳುತ್ತಾರೆ. ಸಂಕರ ಅಂದರೆ ಸುಲಭ ಅಂದುಕೊಳ್ಳಬೇಡಿ. ರಾಗಿ ತನ್ನ ಪರಾಗ ತಾನೇ ತಗೊಂಡು ಮುಗಿಸುವ ಗಿಡ. ಹೂವು ಬಾಯಿ ಬಿಡುವುದು ರಾತ್ರಿ ಒಂದರಿಂದ ಬೆಳಗಿನ ಜಾವ ಐದರ ಒಳಗೆ. ನಾವು ಎದ್ದು ಹಲ್ಲುಜ್ಜುವ ಹೊತ್ತಿಗೆ ಅದರ ಅವತ್ತಿನ ಸಂಸಾರ ಮುಗಿದಿರುತ್ತೆ. ಹೂವಿನೊಳಗೆ ಚಿಮುಟ ಹಾಕಿ ಗಂಡುಭಾಗ ಕೀಳೋಣ ಅಂದರೆ ಅದು ಅಷ್ಟು ಸಣ್ಣದು. ಅದಕ್ಕೇ ಎರಡು ಗಿಡದ ತೆನೆಗಳನ್ನು ಒಟ್ಟಿಗೆ ಸೇರಿಸಿ ಕಟ್ಟಿ, ಹೂ ಬಿಡುವ ಹೊತ್ತಿಗೆ ಮೆಲ್ಲಗೆ ಅಲ್ಲಾಡಿಸುವ ಒಂದು ಹಳೇ ಉಪಾಯ ಇದೆ. ಅಷ್ಟು ಮಾಡಿದರೂ ಬೆರಕೆಯಾಗುವ ಕಾಳು ಬೆರಳೆಣಿಕೆಯಷ್ಟು. ಗಂಡು ಗಿಡ ನೇರಳೆ ಗಿಣ್ಣಿನದು, ಹೆಣ್ಣು ಗಿಡ ಹಸಿರು ಗಿಣ್ಣಿನದು ಆದರೆ ಒಂದು ಅನುಕೂಲ. ಮುಂದಿನ ಸಲ ಬಿತ್ತಿದಾಗ ಯಾವ ಗಿಡದ ಗಿಣ್ಣಿಗೆ ನೇರಳೆ ಬಂತೋ ಅದೇ ಬೆರಕೆ. ಉಳಿದದ್ದೆಲ್ಲ ಅಮ್ಮನ ಪಡಿಯಚ್ಚು.

ಹಾಗೆ ರಾತ್ರಿ ಎದ್ದು ತೆನೆ ಅಲ್ಲಾಡಿಸುವ ಕೈ ಅಕ್ಕನದು.

ಹೋದ ವರ್ಷ ಅಕ್ಟೋಬರ್. ಎರಡನೇ ಸುತ್ತಿನ ಔಷಧಿ ಆಗಿ ಮೂರನೇ ದಿನ. ಮಗಳಿಗೆ ಪರೀಕ್ಷೆ, ಊರಲ್ಲಿ ಮಾವನವರು ಬಿದ್ದು ಸೊಂಟ ಮುರಿದುಕೊಂಡಿದ್ದರು, ಇವರು ಅಲ್ಲಿಗೆ ಓಡಿದ್ದರು. ನಾನೇ ಕಳಿಸಿದ್ದೆ, ನನಗೇನಾಗುತ್ತೆ ಅಂತ. ಸಂಜೆ ಆರಕ್ಕೆ ಅಕ್ಕ ಬಂದರು. ಕೈಗಾಡಿ ತಳ್ಳಿಕೊಂಡು. ಕೈಗಾಡಿಯಲ್ಲಿ ಎರಡು ರಾಗಿ ಕುಂಡ. ಎರಡರ ತೆನೆಗಳನ್ನೂ ಸೇರಿಸಿ ದಾರದಲ್ಲಿ ಕಟ್ಟಿತ್ತು.

"ನೆಟ್‌ಹೌಸಲ್ಲಿ ಇದ್ರೆ ಇಲ್ಲಿ ನೀವೊಬ್ರೇ. ಇಲ್ಲಿದ್ರೆ ಅಲ್ಲಿ ಇದೊಂದೇ. ಎಲ್ಡನ್ನೂ ಒಂದ್ಕಡೆ ಮಾಡ್ಕೊಂಡೆ" ಅಂದರು.

ನಗು ಬಂತು. ಅವತ್ತಿನ ಕೊನೆಯ ನಗು ಅದು. (ಡಾಕ್ಟರ್ ಮೇಡಂ, ನೀವು ಇದನ್ನು ಓದುತ್ತಿದ್ದರೆ, ಕುಂಡ ಕೋಣೆಯೊಳಗೆ ಬರಲಿಲ್ಲ, ವರಾಂಡದಲ್ಲೇ ಇತ್ತು.)

ರಾತ್ರಿ ಹನ್ನೊಂದರಿಂದ ಶುರುವಾಯಿತು. ವಾಂತಿಯ ಲೆಕ್ಕ ಬಿಟ್ಟುಹೋಯಿತು. ಬಚ್ಚಲುಮನೆಯ ಗೋಡೆಗೆ ಒರಗಿ ಕೂತವಳಿಗೆ ಏಳೋಕೆ ಆಗಲಿಲ್ಲ. ಅಕ್ಕ ಬೆನ್ನ ಹಿಂದೆ ಕೂತು ನನ್ನನ್ನು ಎದೆಗೆ ಒರಗಿಸಿಕೊಂಡರು. ಅವರ ಸೆರಗಿನಲ್ಲಿ ಹುಲ್ಲಿನ ವಾಸನೆ. ಒಂದು ಹೊತ್ತಿನಲ್ಲಿ ನಾನು ಏನೇನೋ ಹೇಳಿದೆ. ಇನ್ನು ಸಾಕು, ಮುಂದಿನ ಸುತ್ತು ಬೇಡ, ಬರೆಯೋದೂ ಬೇಡ, ಇಷ್ಟು ವರ್ಷ ಬರೆದು ಯಾರಿಗೆ ಏನಾಯ್ತು, ನಾಳೆ ಮಗಳಿಗೆ ಫೋನ್ ಮಾಡಿ ಹೇಳು ಅಂತ. ಹೆದರಿದ್ದೆ. ಬೆಳಗಾಗುವುದಿಲ್ಲ ಅಂತಲೇ ಅನ್ನಿಸಿತ್ತು. ಅಕ್ಕ ವಾದ ಮಾಡಲಿಲ್ಲ. ಧೈರ್ಯದ ಮಾತೂ ಹೇಳಲಿಲ್ಲ. ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸುವುದು, ಚಮಚದಲ್ಲಿ ಗಂಜಿ ತಿಳಿ ಕೊಡುವುದು, ಅದು ಹೊರಗೆ ಬಂದರೆ ಮತ್ತೆ ಒರೆಸುವುದು. ಅಷ್ಟೇ ಮಾಡುತ್ತಿದ್ದರು.

ಮೂರು ಗಂಟೆ ಆಗಿತ್ತು. "ಏಳು ಮಗಾ, ಬಾಯಿ ಬುಡ್ತಾ ಅದೆ" ಅಂದರು.

ಇಷ್ಟು ವರ್ಷದಲ್ಲಿ ಅಕ್ಕ ನನ್ನನ್ನು ಮೇಡಂ ಬಿಟ್ಟು ಬೇರೆ ಏನೂ ಕರೆದದ್ದಿಲ್ಲ. ಬೆಳಿಗ್ಗೆ ಮತ್ತೆ ಮೇಡಂ ಆದೆ. ಅದೊಂದು ರಾತ್ರಿ ಮಾತ್ರ ಮಗ.

ನಡೆಸಿಕೊಂಡು ಹೋಗಿ ಬಾಗಿಲ ಹತ್ತಿರ ಕುರ್ಚಿ ಮೇಲೆ ಕೂರಿಸಿದರು. ಕೈಗೆ ಭೂತಗನ್ನಡಿ ಕೊಟ್ಟು ಟಾರ್ಚ್ ಹಿಡಿದರು. ತೆನೆಯ ಬೆರಳಿನ ತುದಿಯಲ್ಲಿ, ಎರಡು ಹಸಿರು ಸಿಪ್ಪೆಗಳ ನಡುವೆ ಸಣ್ಣ ಸಂದು. ನೋಡ್ತಾ ನೋಡ್ತಾ ಆ ಸಂದು ಅಗಲವಾಯಿತು. ಒಳಗಿಂದ ಕೂದಲಿಗಿಂತ ತೆಳ್ಳಗಿನ ಎಳೆಗಳ ಮೇಲೆ ಮೂರು ಪರಾಗದ ಚೀಲಗಳು ಹೊರಗೆ ಬಂದು ತೂಗಿದವು. ಪಕ್ಕದಲ್ಲಿ ಗರಿಯ ಹಾಗೆ ಹೆಣ್ಣುಭಾಗ. ಅಕ್ಕ ಒಂದು ಬೆರಳಿನಿಂದ ದಾರದ ಗಂಟನ್ನು ತಟ್ಟಿದರು. ಟಾರ್ಚಿನ ಬೆಳಕಿನಲ್ಲಿ ಧೂಳು ಹಾರಿತು. ಅಷ್ಟೇ. ರಾಗಿಯ ಮೇಲೆ ಪಿಎಚ್‌ಡಿ ಮಾಡಿದವಳು ನಾನು. ಈ ಹೂವಿನ ಚಿತ್ರ ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ. ಅದು ಬಿಚ್ಚಿಕೊಳ್ಳುವುದನ್ನು ಮೊದಲಿಂದ ಕೊನೆವರೆಗೆ ಕೂತು ನೋಡಿದ್ದು ಅವತ್ತೇ ಮೊದಲು. ಬೆಳಿಗ್ಗೆ ಹೋಗಿ ಲೆಕ್ಕ ಬರೆದುಕೊಳ್ಳುವುದು ನನ್ನ ಕೆಲಸವಾಗಿತ್ತು, ಅಲ್ವಾ.

"ಇದನ್ನ ಬರೀರಿ. ಇಷ್ಟು ದಿನ ಏನೇನೋ ಬರ್ದ್ರಲ್ಲ" ಅಂದರು ಅಕ್ಕ, ಬೆಳಿಗ್ಗೆ ಕಾಫಿ ಕುಡೀತಾ. ಅವತ್ತು ಬರೆಯೋಕೆ ಆಗಲಿಲ್ಲ. ಆದರೆ ಈ ರಾತ್ರಿ ನಡಿಗೆಯ ಯೋಚನೆ ಬಂದದ್ದು ಆ ವರಾಂಡದಲ್ಲಿ.

ಇನ್ನೊಂದು ಮಾತು, ಇದನ್ನು ಬರೆಯೋಕೆ ಸ್ವಲ್ಪ ನಾಚಿಕೆ. ಮೊನ್ನೆ ನನ್ನ ಹಳೇ ಪಿಎಚ್‌ಡಿ ಪ್ರಬಂಧ ತೆಗೆದು ನೋಡಿದೆ. ಕೃತಜ್ಞತೆಯ ಪುಟ ಎರಡೂವರೆ ಇದೆ. ಗೈಡ್‌ಗೆ ಒಂದು ಪ್ಯಾರಾ, ಹಾಸ್ಟೆಲ್ ಗೆಳತಿಯರಿಗೆ ಒಂದು ಪ್ಯಾರಾ. ಟೈಪ್ ಮಾಡಿಕೊಟ್ಟ ಅಂಗಡಿಯವರ ಹೆಸರೂ ಇದೆ. ಕೊನೆಯಲ್ಲಿ 'ಮತ್ತು ಹೊಲದ ಸಿಬ್ಬಂದಿಗೆ'. ಆ ಮೂರು ಪದದೊಳಗೆ ಅಕ್ಕ ಇದ್ದರು. ಆಗಲೂ ರಾತ್ರಿ ಎದ್ದು ತೆನೆ ಅಲ್ಲಾಡಿಸಿದ್ದು ಅವರೇ. ನಾನೊಬ್ಬಳೇ ಅಲ್ಲ, ನಮ್ಮಲ್ಲಿ ಎಲ್ಲರೂ ಹಾಗೇ ಬರೆಯುತ್ತೇವೆ. ಅದು ಸಮಾಧಾನ ಏನಲ್ಲ.

2020ರ ಲಾಕ್‌ಡೌನ್‌ನಲ್ಲಿ ಕ್ಲಾಸ್ ಇಲ್ಲದೆ ಸುಮ್ನೆ ಕೂತಿದ್ದಾಗ ಈ ಭಾನುವಾರದ ಬರಹ ಶುರು ಮಾಡಿದೆ. ಬೆಂಕಿ ರೋಗ, ತೆಂಡೆ ಒಡೆಯುವುದು, ಹಾಸ್ಟೆಲ್ ಮೆಸ್ಸಿನ ಮುದ್ದೆ, ಪರೀಕ್ಷೆ ದಿನ ತಾಕಿಗೆ ನುಗ್ಗಿದ ಹಸು, ಎಲ್ಲ ಬರೆದೆ. ವಿಜ್ಞಾನ ಕನ್ನಡದಲ್ಲಿ ಎಷ್ಟು ಸಲೀಸಾಗಿ ಹೇಳ್ತೀರಿ ಅಂತ ನೀವು ಹೊಗಳಿದಿರಿ. ಅದರಲ್ಲಿ ಅರ್ಧ ಮಾತು ಅಕ್ಕನದು. 'ಹೂವು ಬಾಯಿ ಬಿಡೋದು' ಅನ್ನುವುದು ಯಾವ ಪಠ್ಯದಲ್ಲೂ ಇಲ್ಲ. ನಾನು ಮೊದಲು ಬರೆದದ್ದು 'ಪುಷ್ಪ ವಿಕಸನ' ಅಂತ. ಓದಿದ ಮಗಳು ಮಲಗಿಬಿಟ್ಟಿದ್ದಳು.

ಶನಿವಾರ ನೀವೇ ನೋಡಿದಿರಿ. ಹತ್ತು ನಿಮಿಷ ನಾನು ಮಾತಾಡಿದೆ, ನೀವು ಮರ್ಯಾದೆಗೆ ಕೇಳಿದಿರಿ. ಆಮೇಲೆ ಅಕ್ಕ ಟಾರ್ಚ್ ಹಿಡಿದು ಮುಂದೆ ಹೋದರು, ಎಲ್ಲರೂ ಅವರ ಹಿಂದೆ. ಯಾರೋ "ಇವತ್ತು ಬಿಡದೆ ಹೋದ್ರೆ?" ಅಂತ ಕೇಳಿದಾಗ "ಒಂದ್ ತೆನೆ ಪೂರ್ತಿ ಬುಡಕ್ಕೆ ವಾರ ಬೇಕು, ಅವಸರ ಯಾಕೆ" ಅಂದರು. ಇದನ್ನೇ ನಾನು ಕ್ಲಾಸಿನಲ್ಲಿ ಒಂದು ಗಂಟೆ ಹೇಳುತ್ತೇನೆ.

ಕೆಂಪು ದಾರ ಕಟ್ಟಿದ ಗಿಡ ಮುಟ್ಟಿದ್ದಕ್ಕೆ ನಿಮ್ಮಲ್ಲಿ ಒಬ್ಬರನ್ನು ಅಕ್ಕ ಜೋರಾಗಿ ಗದರಿದರಲ್ಲ, ಅದಕ್ಕೆ ಅವರ ಪರವಾಗಿ ಕ್ಷಮೆ ಕೇಳುತ್ತೇನೆ. ಆ ವರಾಂಡದ ಕುಂಡದ ಕಾಳನ್ನು ಈ ಜುಲೈನಲ್ಲಿ ಬಿತ್ತಿದೆವು. ಮುನ್ನೂರು ಚಿಲ್ಲರೆ ಗಿಡ ಬಂದವು. ಗಿಣ್ಣಿಗೆ ನೇರಳೆ ಬಂದದ್ದು ಏಳಕ್ಕೆ. ಆ ಏಳಕ್ಕೂ ದಾರ ಕಟ್ಟಿ, ದಿನಾ ಬೆಳಿಗ್ಗೆ ಬಂದ ತಕ್ಷಣ ಎಣಿಸಿಯೇ ಅಕ್ಕ ಬೇರೆ ಕೆಲಸಕ್ಕೆ ಹೋಗುವುದು.